ಭಿಗವಣದ ಬಸಿಗಾಲುವೆ

ರಾಜಹಂಸ ನೋಡಲೆಂದೇ ಫೆಬ್ರುವರಿಯಲ್ಲಿ ಪುಣೆಯಿಂದ, ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿರುವ ಭಿಗವಣಕ್ಕೆ ಹೊರಟಿದ್ದೆವು, ನಾನು ಮತ್ತು ನನ್ನವಳು. ಸೋಲಾಪುರ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಚಿಲ್ಲರೆ ದಾರಿ. ದೋಣಿಗೆಂದು ಫೋನಿನಲ್ಲೇ ಮುಂಗಡ ಕಳಿಸಿದ್ದೆ. ಬೆಳಗಿನ ಆರೂವರೆಗೆ ದಂಡೆಯಲ್ಲಿ ನಿಂತರೆ ಆ ಮನುಷ್ಯನ ಫೋನ್ ಬಂದ್. ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಹೋಗುವವರು ದೋಣಿ ಹತ್ತಿದ ಮೇಲೆಯೇ ದುಡ್ಡು ಕೊಡಿ. ಬೇರೆ ದೋಣಿ ಸಿಕ್ಕಿತು, ಹಕ್ಕಿಗಳನ್ನೂ ಕಂಡೆವು. ಆದರೆ ನನ್ನ ಕಣ್ಣು ಹುಟ್ಟಿನ ಮೇಲೆಯೇ ಇತ್ತು. ಎತ್ತಿದಾಗಲೆಲ್ಲ ಅದರ ತುದಿಯಿಂದ ಹಸಿರು ಬಣ್ಣದಂಥ ನೀರು ತೊಟ್ಟಿಕ್ಕುತ್ತಿತ್ತು.

ಚಹಾದಂಗಡಿಯಲ್ಲಿ ನಮ್ಮ ಮಾತು ಕೇಳಿ ಒಬ್ಬ ಹಿರಿಯರು ಹತ್ತಿರ ಬಂದರು. ಇಂಡಿ ಕಡೆಯವರು, ಇಲ್ಲಿ ಕಬ್ಬಿನ ತೋಟ ನೋಡಿಕೊಳ್ಳುತ್ತಾರೆ.

"ಯಾವೂರು ತಮ್ಮಾ?"

"ಅಫಜಲಪುರ, ಕಾಕಾ."

"ಹಂಗಾರ ಈ ಉಜನಿ ನೀರ ನಿಮ್ಮೂರಿಗೇ ಬರ್ತದಲ್ಲ!"

ಭೀಮೆಯ ನೀರು ಕುಡಿದೇ ಬೆಳೆದವನಿಗೆ ಆ ಮಾತು ನಾಟಿತು. ಅವರ ಹಿಂದೆಯೇ ತೋಟಕ್ಕೆ ಹೋದೆವು.

ನೆಲ ನೀರು ನಿಂತು ಜವಳು ಹಿಡಿದದ್ದಕ್ಕೆ ತೋಡಿದ ಬಸಿಗಾಲುವೆ ಅದು. ಕಬ್ಬಿನ ಸಾಲಿನಿಂದ ಬಸಿಯುವ ನೀರು ಕೆಂಪಗೆ ಇಳಿದು ಜೊಂಡಿನ ನಡುವೆ ನುಸುಳುತ್ತ, ಕೊನೆಗೆ ಒಂದು ಹೊಂಡದಲ್ಲಿ ತಂಗುತ್ತಿತ್ತು. ಕಾಕಾ ಎರಡೂ ತುದಿಯಲ್ಲಿ ಸ್ಟೀಲ್ ಲೋಟ ಅದ್ದಿ ತೋರಿಸಿದರು. ಕೆಳಗಿನ ಲೋಟದಲ್ಲಿ ತಳ ಕಾಣುತ್ತಿತ್ತು.

ಗೊಬ್ಬರದ ರಂಜಕ (ಫಾಸ್ಫರಸ್) ಮತ್ತು ನೈಟ್ರೇಟ್ ಹೊಳೆ ಸೇರಿದರೆ ಪಾಚಿಗೆ ಆಹಾರ, ನೀರು ಹಸಿರಾಗುವುದು ಅದರಿಂದಲೇ. ರಂಜಕ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತದೆ, ಹರಿವು ನಿಧಾನವಾದರೆ ಹೂಳಿನ ಜೊತೆ ತಳ ಸೇರುತ್ತದೆ. ನೈಟ್ರೇಟ್ ಹಾಗಲ್ಲ. ಅದು ನೀರಿನಲ್ಲೇ ಕರಗಿರುತ್ತದೆ, ತಿಳಿ ನೀರಿನಲ್ಲೂ ಕಾಣದು. ಗಾಳಿಯಾಡದ ಕೆಸರಿನಲ್ಲಿ, ಕೊಳೆತ ಎಲೆಕಡ್ಡಿ ತಿಂದು ಬದುಕುವ ಸೂಕ್ಷ್ಮಜೀವಿಗಳು ಅದನ್ನು ಅನಿಲ ಮಾಡಿ ಗಾಳಿಗೆ ಬಿಡಬೇಕು. ನೀರು ಅಷ್ಟು ಹೊತ್ತು ನಿಲ್ಲಬೇಕು, ಅದಕ್ಕೇ ಈ ಹೊಂಡ. ಪಕ್ಕದ ಹೊಲದ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ನೀರು ಕೂಡಿಡುತ್ತದೆ, ಅಷ್ಟೇ. ಈ ಕೆಲಸ ಅದರಿಂದಾಗದು.

"ಗೊಬ್ಬರಕ್ಕ ರೊಕ್ಕ ಸುರದೀವಿ, ಹೊಳಿಗಿ ಯಾಕ ಬಿಡೂದು?" ಎಂದರು ಕಾಕಾ. ಬೇಸಿಗೆಯಲ್ಲಿ ಹೂಳು ತೆಗೆದು ಮತ್ತೆ ಕಬ್ಬಿಗೇ ಹಾಕುತ್ತಾರೆ. ಜೊಂಡು ಅಲ್ಲೇ ಪೂರಾ ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಎಂದು ಒಂದಷ್ಟು ಕೊಯ್ದು ಮೇಲಕ್ಕೆ ಹಾಕುತ್ತಾರೆ.

ಉಜನಿಯ ಪಾಚಿಗೆ ಕಬ್ಬೊಂದೇ ಕಾರಣವಲ್ಲ. ಪುಣೆಯ ನಮ್ಮ ಕೊಳಚೆಯೂ ಮುಳಾ-ಮುಠಾ ಹೊಳೆ ಹಿಡಿದು ಇಲ್ಲಿಗೇ ಬರುತ್ತದೆ. ಅದನ್ನು ಯಾವ ಬಸಿಗಾಲುವೆಯೂ ತಡೆಯದು.

"ನಿಮ್ಮೂರಾಗ ಹೆಂಗ?" ಎಂದು ಕೇಳಿದರು. ಪ್ರತಿ ಬೇಸಿಗೆಗೆ ಜೆಸಿಬಿ ತಂದು ಬಸಿಗಾಲುವೆಯನ್ನು ಬೋಳು ಮಾಡುತ್ತೇವೆ, ನೀರು ನೇರ ಹೊಳೆಗೆ ಎಂದೆ.

"ಒಮ್ಮಿಗೇ ಪೂರಾ ಬಳೀಬ್ಯಾಡ್ರಿ. ಈ ವರ್ಷ ಒಂದ ದಂಡಿ, ಬರೂ ವರ್ಷ ಇನ್ನೊಂದು."

ಅಲ್ಲೇ ಬದುವಿನ ಮೇಲೆ ನಿಂತು ಊರಿನ ತಮ್ಮನಿಗೆ ಫೋನ್ ಹಚ್ಚಿ, ಕಾಕಾನ ಕೈಗೇ ಕೊಟ್ಟೆ.