ಕಿತ್ತಳೆ ಎಣ್ಣೆ ತಿಂದ 120 ಚೆಂಡುಗಳು

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಹೊಲಿಗೆ ಘಟಕದಲ್ಲಿ ಫಿನಿಶಿಂಗ್ ವಿಭಾಗ ನನ್ನದು. ಕಾಜಾ, ಬಟನ್, ಫಾಲ್-ಪಿಕೊ, ಇಸ್ತ್ರಿ, ಪ್ಯಾಕಿಂಗ್ ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೊರಗೆ ಹೋಗಬೇಕು. ಕಳೆದ ವರ್ಷ ನವೆಂಬರಿನಲ್ಲಿ ಪಣಜಿಯ ಅಂಗಡಿಯವರೊಬ್ಬರು ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕುವ ಸುವಾಸನೆಯ ಅಲಂಕಾರಗಳು 240 ಬೇಕೆಂದು ಕೇಳಿದಾಗ, ನಮ್ಮ ಮಾಲೀಕರು ದರ ಗೊತ್ತುಮಾಡುವ ಮೊದಲೇ ಒಪ್ಪಿಕೊಂಡುಬಿಟ್ಟರು. ಚಿಂದಿಯ ಚೀಲಗಳು ಹೇಗೂ ಮೂಲೆಯಲ್ಲಿ ತುಂಬಿಕೊಂಡಿವೆ, ಅದಕ್ಕೂ ದುಡ್ಡು ಕೊಡುವವರು ಸಿಕ್ಕರಲ್ಲ ಎಂಬುದು ಅವರ ಲೆಕ್ಕವಾಗಿತ್ತು.

ಸಾಮಗ್ರಿಯ ಮಟ್ಟಿಗೆ ಆ ಲೆಕ್ಕ ತಪ್ಪೂ ಆಗಿರಲಿಲ್ಲ. ಹಳೆಯ ಇಳಕಲ್ ಸೀರೆಗಳನ್ನು ಕುರ್ತಿ ಮಾಡಿಸಿಕೊಳ್ಳುವವರು ಈಗ ಹೆಚ್ಚಾಗಿದ್ದಾರೆ. ಅವುಗಳ ಸೆರಗಿನ ತುಂಡುಗಳು ನಮ್ಮಲ್ಲಿ ರಾಶಿ ಬಿದ್ದಿದ್ದವು. ಕೆಂಪು ನೆಲದ ಮೇಲೆ ಬಿಳಿ ತೆನಿ (ತೆನೆಯಂಥ ನೇಯ್ಗೆಯ ಚಿತ್ತಾರ) ಇರುವ ಆ ಸೆರಗಿಗಿಂತ ಕ್ರಿಸ್‌ಮಸ್ಸಿಗೆ ಒಪ್ಪುವ ಬಟ್ಟೆಯನ್ನು ಹಣ ಕೊಟ್ಟು ತರುವುದೂ ಕಷ್ಟ. ಕುಪ್ಪಸ ಕತ್ತರಿಸಿ ಉಳಿದ ಗುಳೇದಗುಡ್ಡ ಖಣದ ತುಂಡುಗಳಲ್ಲಿ ಹಸಿರೂ ಸಿಕ್ಕಿತು. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷಿನ್ನಿನ ದಾರದ ಖಾಲಿ ಕಾಗದದ ಕೋನ್‌ಗಳು ಮೊದಲೇ ಗಿಡದ ಆಕಾರದಲ್ಲಿರುವುದರಿಂದ, ಅವುಗಳಿಗೆ ಪೈಪಿಂಗ್ ಸುತ್ತಿ, ಬಿಡಿ ಬಟನ್‌ಗಳನ್ನು ಹೊಲಿದು, ತುದಿಗೆ ಕೆಟ್ಟ ಜಿಪ್ ಚೈನನ್ನು ಸುರುಳಿ ಮಾಡಿ ಕೂಡಿಸಿದರೆ 80 ಪುಟ್ಟ ಗಿಡಗಳಾದವು. ನಮ್ಮ ಕಟಿಂಗ್ ಮಾಸ್ತರರು ತಮ್ಮ ತಂದೆಯ ಕಾಲದ ಕಟ್ಟಿಗೆಯ ದಾರದ ರೀಲುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಅವುಗಳಲ್ಲಿ 40 ಕೊಟ್ಟರು. ಉಳಿದ 120 ಚೆಂಡುಗಳಾಗಬೇಕಿತ್ತು. ಚೆಂಡಿಗಾಗಿ ಮಾತ್ರ ನಾವು ಥರ್ಮಾಕೋಲ್ ಉಂಡೆಗಳನ್ನು ಕೊಂಡು ತಂದೆವು. ಅದಕ್ಕೆ ಬ್ಲೇಡಿನಿಂದ ಗೀರು ಹಾಕಿ, ಬಟ್ಟೆಯ ಅಂಚುಗಳನ್ನು ಮೊಂಡು ಚಾಕುವಿನಿಂದ ಆ ಗೀರಿನೊಳಗೆ ತುರುಕುತ್ತ ಹೋದರೆ ಒಂದೂ ಹೊಲಿಗೆಯಿಲ್ಲದೆ ಚೆಂಡು ಸಿದ್ಧವಾಗುತ್ತದೆ. ಕೊಂಡು ತಂದ ಆ ಒಂದು ವಸ್ತುವೇ ನಮಗೆ ಕೈಕೊಟ್ಟಿತು.

ಸುವಾಸನೆಗೆ ರವಿವಾರ ಪೇಟೆಯಿಂದ ಲವಂಗ, ದಾಲ್ಚಿನ್ನಿ ಮತ್ತು ಲಾವಂಚದ ಬೇರು ತರಿಸಿದೆವು. ಮಸಾಲೆಯನ್ನು ನುಣ್ಣಗೆ ಪುಡಿ ಮಾಡಿದರೆ ಅದು ಬಟ್ಟೆಯಿಂದ ಸೋರಿ ಕಲೆ ಬೀಳಿಸುತ್ತದೆಯಾದ್ದರಿಂದ, ತರಿತರಿಯಾಗಿ ಕುಟ್ಟಿ, ತೆಳುವಾದ ಮಲ್ಲಿನ ಬಟ್ಟೆಯ ಗಂಟು ಕಟ್ಟಿ ಕೋನಿನ ಹೊಟ್ಟೆಯಲ್ಲಿಟ್ಟೆವು. ಲಾವಂಚಕ್ಕೆ ತೇವ ತಗುಲಿದಾಗಲೇ ವಾಸನೆ ಏಳುವುದರಿಂದ, ಸಮುದ್ರದಂಡೆಯ ಊರಿಗೆ ಅದೇ ಸರಿ ಎಂದು ಮಾಸ್ತರರು ಹೇಳಿದ್ದರು. ಚೆಂಡುಗಳಲ್ಲಿ ಒಂದು ಸಣ್ಣ ಕುಳಿ ತೆಗೆದು ಮಸಾಲೆ ತುಂಬಿ ಮುಚ್ಚಿದೆವು. ಮಾಲೀಕರು ಸ್ಯಾಂಪಲ್ಲನ್ನು ಮೊಬೈಲಿನಲ್ಲಿ ಫೋಟೊ ನೋಡಿ ಪಾಸ್ ಮಾಡಿದರು. ವಾಸನೆಯ ಮಾಲನ್ನು ಫೋಟೊದಲ್ಲಿ ಪಾಸ್ ಮಾಡುವ ಪದ್ಧತಿಯ ಬಗ್ಗೆ ನಾನು ಆಗಲೇ ಬಾಯಿಬಿಟ್ಟು ಹೇಳಬೇಕಿತ್ತು. ಅದರ ಬದಲು, "ವಾಸನಿ ಜೋರ್ ಬರಬೇಕ್ ನೋಡ್ರಿ" ಎಂದು ಅವರು ಫೋನಿನಲ್ಲಿ ಹೇಳಿದ ಮಾತನ್ನು ತಲೆಯಲ್ಲಿ ಇಟ್ಟುಕೊಂಡು ಕುಳಿತೆ.

ಡಿಸೆಂಬರ್ 8ರ ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಒಂದು ಚೆಂಡನ್ನು ಮೂಗಿಗೆ ಹಿಡಿದು ನೋಡಿದೆ. ಏನೂ ಬರಲಿಲ್ಲ. ಇನ್ನೊಂದನ್ನು, ಮತ್ತೊಂದನ್ನು ಹಿಡಿದೆ. ಹತ್ತು ಚೆಂಡುಗಳಲ್ಲಿ ಒಂದೂ ಘಮ್ಮೆನ್ನಲಿಲ್ಲ. ಎರಡು ಕಿಲೊ ದಾಲ್ಚಿನ್ನಿ ಕುಟ್ಟಿದ್ದ ಕೋಣೆಯಲ್ಲಿ ಮೂರು ದಿನ ಕುಳಿತ ನನ್ನ ಮೂಗು ಆ ವಾಸನೆಯನ್ನು ಗುರುತಿಸುವುದನ್ನೇ ಬಿಟ್ಟಿದೆ ಎಂಬುದು ಆಗ ಹೊಳೆಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಹತ್ತು ನಿಮಿಷ ಕುಳಿತು ಬಂದಿದ್ದರೆ ಸಾಕಾಗಿತ್ತು. ಆದರೆ ಮೂರು ದಿನಗಳಲ್ಲಿ, 12ನೇ ತಾರೀಖಿಗೆ ಮಾಲು ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯಬೇಕೆಂಬ ಒಂದೇ ಯೋಚನೆಯಲ್ಲಿ, ರೀಲುಗಳಿಗೆಂದು ತಂದಿದ್ದ ಕಿತ್ತಳೆ ಎಣ್ಣೆಯ ಬಾಟಲಿಯನ್ನು ಬಿಚ್ಚಿದೆ. ಕಟ್ಟಿಗೆಯ ರೀಲುಗಳು ಆ ಎಣ್ಣೆಯನ್ನು ಚೆನ್ನಾಗಿ ಕುಡಿದಿದ್ದವು, ಏನೂ ತೊಂದರೆಯಾಗಿರಲಿಲ್ಲ. ಮಷಿನ್ನಿಗೆ ಎಣ್ಣೆ ಹಾಕುವ ಇಂಜೆಕ್ಷನ್ ಸಿರಿಂಜನ್ನು ತೊಳೆದು, ಒಂದೊಂದು ಚೆಂಡಿನ ಹೊಟ್ಟೆಗೂ ಹತ್ತು ಹನಿ ಏರಿಸಿ, ಹನ್ನೊಂದು ಗಂಟೆಗೆ ಬೀಗ ಹಾಕಿಕೊಂಡು ಮನೆಗೆ ಹೋದೆ. ಮಾಡಬೇಕಾದ್ದನ್ನು ಮಾಡಿದೆನೆಂಬ ನೆಮ್ಮದಿಯಿಂದಲೇ ಮಲಗಿದೆ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಟ್ರೇಗಳ ಮೇಲಿನ ಹಾಸನ್ನು ಸರಿಸಿದಾಗ ಚೆಂಡುಗಳು ಒಣಗಿದ ಲಿಂಬೆಹಣ್ಣಿನಂತೆ ಒಂದು ಮಗ್ಗುಲಿಗೆ ಕುಸಿದಿದ್ದವು. ಗೀರಿನಲ್ಲಿ ತುರುಕಿದ್ದ ಖಣದ ಅಂಚುಗಳು ಸಡಿಲಾಗಿ ಹೊರಗೆ ಬಂದಿದ್ದವು. ಒಂದನ್ನು ಎತ್ತಿಕೊಂಡರೆ ಹೆಬ್ಬೆರಳು ಸೀದಾ ಒಳಗೆ ಇಳಿಯಿತು. ಹೊರಗೆ ತೆಗೆದಾಗ ಅದಕ್ಕೆ ಬಿಳಿಯ ಅಂಟು ಹತ್ತಿತ್ತು. ನಾನು ಎಣಿಸತೊಡಗಿದೆ. ಇಪ್ಪತ್ತರವರೆಗೆ ಎಣಿಸಿ, ನಡುವೆ ಒಂದಾದರೂ ಗಟ್ಟಿ ಸಿಗಬಹುದೆಂದು ಕೊನೆಯ ಟ್ರೇಗೆ ಹಾರಿ, ಅಲ್ಲಿಯೂ ಅದೇ ಸ್ಥಿತಿ ಕಂಡು, ಮತ್ತೆ ಮೊದಲಿಂದ ಎಣಿಸಿದೆ. ಅಷ್ಟರಲ್ಲಿ ಹೆಲ್ಪರ್ ಹುಡುಗಿ ಕಸಬರಿಗೆ ಹಿಡಿದು ಒಳಗೆ ಬಂದಳು. ಹಿಂದಿನ ಸಂಜೆ ಲೈನಿಂಗ್ ಬಟ್ಟೆಯ ಥಾನುಗಳನ್ನು ಎತ್ತಿಟ್ಟವಳು ಅವಳೇ ಆದ್ದರಿಂದ, ಟ್ರೇಗಳ ಮೇಲೆ ಭಾರ ಹೇರಿದವಳೂ ಅವಳೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಎಲ್ಲ ಟೇಲರ್‌ಗಳ ಎದುರಿಗೇ ಬೈದೆ. "ನಾ ಏನೂ ಇಟ್ಟಿಲ್ರಿ ಅಕ್ಕಾರ" ಎಂದು ಅವಳು ಎರಡು ಸಲ ಹೇಳಿ ಸುಮ್ಮನಾದಳು. ರಾತ್ರಿ ನಾನೇ ಬೀಗ ಹಾಕಿದ್ದು, ಆಗ ಟ್ರೇಗಳ ಮೇಲೆ ಏನೂ ಇರಲಿಲ್ಲವೆಂಬುದು ನನಗೆ ಗೊತ್ತಿದ್ದೂ ಬಾಯಿ ನಿಲ್ಲಲಿಲ್ಲ.

ಮಾಸ್ತರರು ಅರ್ಧ ಗಂಟೆ ತಡವಾಗಿ ಬಂದರು. ಅಧಿವೇಶನದ ದಿನಗಳಲ್ಲಿ ಈ ಊರಿನ ಟೆಂಪೊಗಳನ್ನು ನಂಬುವಂತಿಲ್ಲ. ಅವರು ಚೆಂಡನ್ನು ಮೂಸಿ ನೋಡಿ, ಉಳಿದಿದ್ದ ಒಂದು ಹೊಸ ಉಂಡೆಯನ್ನು ಮೇಜಿನ ಮೇಲಿಟ್ಟು, ಬಾಟಲಿಯಿಂದ ನಾಲ್ಕು ಹನಿ ಬಿಟ್ಟರು. ಎಣ್ಣೆ ಬಿದ್ದ ಜಾಗ ನಮ್ಮ ಕಣ್ಣೆದುರಿಗೇ ತಗ್ಗಾಗುತ್ತ ಹೋಯಿತು. "ಸುಮ್ನ ಹುಡುಗಿಗಿ ಬೈಬ್ಯಾಡವಾ ತಂಗಿ, ಇಲ್ಲಿ ನೋಡು" ಎಂದರು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಇರುವ ಲಿಮೊನೀನ್ ಎಂಬ ವಸ್ತು ಥರ್ಮಾಕೋಲನ್ನು ಕರಗಿಸುತ್ತದೆ ಎಂದು ನಾನು ತಿಳಿದುಕೊಂಡದ್ದು ಆಮೇಲೆ. ಥರ್ಮಾಕೋಲಿನಲ್ಲಿ ಬಹುತೇಕ ಗಾಳಿಯೇ ಇರುವುದರಿಂದ, ಕರಗಿದ ಮೇಲೆ ಅಷ್ಟು ದೊಡ್ಡ ಉಂಡೆಯಿಂದ ಉಳಿಯುವುದು ಒಂದು ಚೂರು ಅಂಟು ಮಾತ್ರ. ಎಣ್ಣೆಯನ್ನು ರೀಲಿನ ಮೇಲೂ ಮಸಾಲೆಯನ್ನು ಥರ್ಮಾಕೋಲಿನಲ್ಲೂ ನಾನು ಪರೀಕ್ಷಿಸಿದ್ದೆ. ಎಣ್ಣೆ ಮತ್ತು ಥರ್ಮಾಕೋಲನ್ನು ಒಂದು ಕಡೆ ತಂದು ಒಂದು ರಾತ್ರಿ ಇಟ್ಟು ನೋಡಿರಲಿಲ್ಲ.

ಮಾಲೀಕರಿಗೆ ಫೋನ್ ಮಾಡುವ ಮೊದಲು ಇಪ್ಪತ್ತು ನಿಮಿಷ ಸುಮ್ಮನೆ ಕುಳಿತಿದ್ದೆ. ಹೊಸ ಉಂಡೆ ತರಲು ಅವರು ಒಪ್ಪಲಿಲ್ಲ, ದಿನವೂ ಕೂಲಿ ಮೀರುತ್ತಿದೆ ಎಂದರು. ಚಿಂದಿಯನ್ನೇ ಗಟ್ಟಿಯಾಗಿ ಉಂಡೆ ಕಟ್ಟಿ, ಓವರ್‌ಲಾಕಿನ ವೇಸ್ಟ್ ದಾರದಿಂದ ಬಿಗಿದು, ನಡುವೆ ಲವಂಗದ ಗಂಟು ಹುದುಗಿಸೋಣ ಎಂದು ಮಾಸ್ತರರು ಹೇಳಿದಾಗ, ಇದನ್ನು ಮೊದಲ ದಿನವೇ ಯಾಕೆ ಮಾಡಲಿಲ್ಲವೆಂದು ಎಲ್ಲರೂ ನನ್ನ ಮುಖ ನೋಡಿದರು. ಚಿಂದಿಯ ಉಂಡೆಯಲ್ಲಿ ಗೀರು ನಿಲ್ಲುವುದಿಲ್ಲ. ಆದ್ದರಿಂದ ಬಟ್ಟೆಯನ್ನು ಆರು ಎಸಳಾಗಿ ಕತ್ತರಿಸಿ ಕೈಯಿಂದಲೇ ಹೊಲಿಯಬೇಕಾಯಿತು. ಎಣ್ಣೆಯ ಕಲೆ ಕೂತ ರೇಷ್ಮೆಯ ತುಂಡುಗಳನ್ನು ರಿಜೆಕ್ಟ್ ಮಾಡಿ, ಎರಡು ರಾತ್ರಿ ಕುಳಿತು, 120ರಲ್ಲಿ 106 ಚೆಂಡುಗಳನ್ನು ಕಳುಹಿಸಿದೆವು. ಕಡಿಮೆ ಬಿದ್ದ 14ರ ಹಣವನ್ನು ಪಣಜಿಯವರು ಮುರಿದುಕೊಂಡರು; ಅದು ನನ್ನ ಓವರ್‌ಟೈಮಿನಲ್ಲಿ ಕಡಿತವಾಯಿತು. ಫೋಟೊ ನೋಡಿ ಪಾಸ್ ಮಾಡಿದವರ ಲೆಕ್ಕದಲ್ಲಿ ಯಾವ ಕಡಿತವೂ ಇರಲಿಲ್ಲ.

ಹುಡುಗಿಗೆ ನಾನು ನೇರವಾಗಿ ತಪ್ಪಾಯಿತೆಂದು ಹೇಳಿದ್ದು ಮಾಲು ಬಸ್ಸಿಗೆ ಹೋದ ಮೇಲೆ, ಅದೂ ಅವಳೊಬ್ಬಳೇ ಇದ್ದಾಗ, ಬೈದದ್ದು ಎಲ್ಲರೆದುರಿಗೆ. ಈ ವರ್ಷವೂ ಆರ್ಡರ್ ಬಂದಿದೆ. ಬೆಳಿಗ್ಗೆ ಅವಳು ಕೋಣೆಯೊಳಗೆ ಕಾಲಿಡುವ ಮೊದಲೇ, ಹಿಂದಿನ ದಿನದ ಮಾಲಿನಲ್ಲಿ ಐದನ್ನು ಕಟ್ಟೆಯ ಮೇಲೆ ತಂದಿಡುತ್ತೇನೆ. ಅವಳು ಮೂಸಿ ನೋಡಿ "ಬರತೈತ್ರಿ" ಎಂದರೆ ಪ್ಯಾಕಿಂಗ್, ಇಲ್ಲದಿದ್ದರೆ ಇಲ್ಲ. ನಿನ್ನೆ ಎರಡನ್ನು ವಾಪಸು ಕೊಟ್ಟಳು.