ಮೂರು ಲಿವರ್ ಕೋವಿ, ಒಂದು ಬಿಸ್ಕತ್ ಡಬ್ಬಿ

ಮೊದಲ ಶನಿವಾರ

ಡೆನ್ವರ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ತೀರಿಹೋದ ಗಂಡನ ಕೋವಿಗಳನ್ನು ಮೊಮ್ಮಗನಿಗೆ ಕೊಡಬೇಕಂತೆ. ಯಾವುದಕ್ಕೆ ಯಾವ ತೋಟಾ ಅಂತ ಒಂದು ಚೀಟಿ ಬರೆದುಕೊಡು ಅಂದರು. ಮೂರೂ ಹಳೇ ಲಿವರ್ ಕೋವಿಗಳು, ಅಂದರೆ ಕುದುರೆ ಹತ್ತಿರದ ಹಿಡಿ ಇಳಿಸಿ ಎತ್ತಿದರೆ ಮುಂದಿನ ತೋಟಾ ಬಂದು ಕೂರುವಂಥವು. ಜೊತೆಗೆ ಬಿಸ್ಕತ್ ಡಬ್ಬಿಯ ತುಂಬ ಕಲಬೆರಕೆ ತೋಟಾ. ನಮ್ಮ ಮಲೆನಾಡಲ್ಲಾದರೆ ಕೇಪಿನ ಕೋವಿ, ಒಂಟಿ ನಳಿಗೆ, ಜೋಡುನಳಿಗೆ ಅಂದರೆ ಮುಗೀತು. ಇಲ್ಲಿ ಅಷ್ಟು ಸುಲಭ ಇಲ್ಲ.

ಮೊದಲು ಮೂರೂ ಖಾಲಿ ಇವೆಯಾ ನೋಡಿದೆ. ನಳಿಗೆ ಇಣುಕಿದರೆ ಸಾಲದು, ಅದರ ಕೆಳಗಿನ ಕೊಳವೆಯಲ್ಲೂ ತೋಟಾ ಕೂತಿರಬಹುದು.

ಒಂದು ಕೋವಿಗೆ ಹೊರಗೆ ಹ್ಯಾಮರ್ರೇ (ಬಡಿಯುವ ಸುತ್ತಿಗೆ) ಇಲ್ಲ, ಕೊಳವೆಯೂ ಇಲ್ಲ. ಸ್ಯಾವೇಜ್ ಕಂಪನಿಯ 1899 ಮಾಡೆಲ್. ತೋಟಾಗಳು ಹೊಟ್ಟೆಯೊಳಗೆ ತಿರುಗುವ ಚಕ್ರದಲ್ಲಿ ಕೂರುತ್ತವೆ. ನಳಿಗೆ ಮೇಲೆ 303 ಸ್ಯಾವೇಜ್ ಅಂತಿದೆ. 303 ಬ್ರಿಟಿಷ್ ಅನ್ನುವ ತೋಟಾ ಬೇರೆ, ಇದು ಬೇರೆ. ಚೀಟಿಯಲ್ಲಿ ಅದಕ್ಕೆ ಕೆಂಪು ಗೆರೆ ಎಳೆದೆ.

ಎರಡನೇ ಶನಿವಾರ

ವಿನ್‌ಚೆಸ್ಟರ್ 1873. ಪಕ್ಕದಲ್ಲಿ ಬಿಚ್ಚುವ ತಗಡು, ಮೇಲೆ ಜಾರುವ ಧೂಳುಮುಚ್ಚಳ. ತೋಟಾ ಎತ್ತಿಕೊಡುವ ಹಿತ್ತಾಳೆ ತುಂಡಿನ ತಳದಲ್ಲಿ 38 ಅಂತ ಕೊರೆದಿದ್ದಾರೆ. ಅಂದರೆ 38-40 ಅನ್ನುವ ತೋಟಾ. ಹೆಸರು ನಂಬಬೇಡಿ! ಗುಂಡಿನ ದಪ್ಪ 0.38 ಇಂಚಲ್ಲ, 0.401. ಕೊನೆಯ 40 ಅಂದರೆ 40 ಗ್ರೇನ್ ಕಪ್ಪು ಮದ್ದು, ಸುಮಾರು 2.6 ಗ್ರಾಂ. ಮುಂದೆ ಗಟ್ಟಿಮುಟ್ಟಾದ 1892 ಮಾಡೆಲ್ ಬಂದಾಗ ಅದಕ್ಕೆಂದೇ ಜೋರು ಮದ್ದಿನ 38-40 ಮಾಡಿದರು. ಅದು 73ರೊಳಗೂ ಸಲೀಸಾಗಿ ಹೋಗಿ ಕೂರುತ್ತದೆ, ಅದೇ ಅಪಾಯ. ಡಬ್ಬಿಯಲ್ಲಿದ್ದ 38-40 ಎಲ್ಲವನ್ನೂ ಬೇರೆ ಇಟ್ಟೆ.

ಉಳಿದವು ಹೆಚ್ಚಾಗಿ 30-30. ಎಲ್ಲದರ ಗುಂಡಿನ ಮೂತಿ ಚಪ್ಪಟೆ. ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ತಳದಲ್ಲಿರುವ, ಬಡಿದರೆ ಸಿಡಿಯುವ ಕೇಪಿಗೆ ತಾಗಿಕೊಂಡೇ ಇರುತ್ತದಲ್ವಾ, ಚೂಪಾಗಿದ್ದರೆ ಗತಿ ಏನು? ಹೊಡೆದ ಖಾಲಿ ಕೇಸುಗಳೂ (ತೋಟಾದ ಲೋಹದ ಚಿಪ್ಪು) ಹತ್ತಾರು ಇದ್ದವು. ತಳದಲ್ಲಿ 30-30 ಅಂತಿದ್ದರೂ ಕೆಲವದರ ಬಾಯಿ ಯಾಕೋ ಜಾಸ್ತಿ ಅಗಲ. ಅರ್ಥವಾಗಲಿಲ್ಲ, ಪಕ್ಕಕ್ಕಿಟ್ಟೆ.

ಮೂರನೇ ಶನಿವಾರ

ಮೂರನೆಯದು ವಿನ್‌ಚೆಸ್ಟರ್ 1894. ಲಿವರ್ ಇಳಿಸಿದರೆ ಹೊಟ್ಟೆಯಡಿಯ ತಗಡೂ ಜೊತೆಗೇ ಕೆಳಗಿಳಿಯುತ್ತದೆ. 1892ಕ್ಕೂ ಇದಕ್ಕೂ ಗುರುತು ಅದೇ. ಆದರೆ ಯಾವನೋ ಪುಣ್ಯಾತ್ಮ ನಳಿಗೆಗೆ ಪಾಲಿಶ್ ಹಾಕಿ ಅಕ್ಷರವನ್ನೆಲ್ಲ ಉಜ್ಜಿಹಾಕಿದ್ದಾನೆ. 30-30 ಇರಬಹುದು, 25-35, 32-40, 38-55, 32 ಸ್ಪೆಷಲ್ ಯಾವುದಾದರೂ ಇರಬಹುದು.

ಮೆತ್ತನೆಯ ಸೀಸದ ತುಂಡೊಂದನ್ನು ನಳಿಗೆಯಲ್ಲಿ ತೂರಿಸಿ ಅಳೆದೆ. 0.321 ಇಂಚು. 30-30 ಆಗಿದ್ದರೆ 0.308 ಬರಬೇಕಿತ್ತು. ಉಳಿದದ್ದು ಎರಡೇ: 32-40, 32 ಸ್ಪೆಷಲ್. ಎರಡಕ್ಕೂ ಗುಂಡಿನ ದಪ್ಪ ಹೆಚ್ಚುಕಮ್ಮಿ ಒಂದೇ. ಆದರೆ 32-40ರ ಕೇಸು ನೇರಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ, ಸ್ಪೆಷಲ್‌ಗೆ ಬಾಟಲಿಯ ಹಾಗೆ ಹೆಗಲು.

ಹಾಗಾಗಿ ತೋಟಾ ಕೂರುವ ಗೂಡಿನ ಅಚ್ಚು ತೆಗೆಯಲೇಬೇಕಾಯಿತು. ಸೆರೋಸೇಫ್ ಅಂತ ಒಂದು ಮಿಶ್ರಲೋಹ ಸಿಗುತ್ತದೆ, 70ರಿಂದ 88 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮುಂದೆ ಬಟ್ಟೆ ತುರುಕಿ, ಹಿಂದಿನಿಂದ ಕಾಗದದ ಆಲಿಕೆಯಲ್ಲಿ ಹೊಯ್ದೆ. ಅಷ್ಟರಲ್ಲಿ ಊರಿಂದ ಅಮ್ಮನ ಫೋನು. ಮಾತು ಮುಗಿಸಿ ಬರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಇದು ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಕುಗ್ಗಿದಾಗಲೇ ತೆಗೆಯಬೇಕಿತ್ತು. ಕಚ್ಚಿಕೊಂಡು ಕೂತಿತ್ತು! ಕುದಿಯುವ ನೀರು ಹೊಯ್ದು ಕರಗಿಸಿ, ನಳಿಗೆ ಒರೆಸಿ ಒಣಗಿಸಿ ಎಣ್ಣೆ ಹಾಕುವಷ್ಟರಲ್ಲಿ ಸಂಜೆ.

ಭಾನುವಾರ

ಫೋನ್ ಒಳಗಿಟ್ಟು ಬಂದೆ. 20 ನಿಮಿಷಕ್ಕೇ ತಟ್ಟಿ ತೆಗೆದೆ. ಒಂದು ಗಂಟೆಗೆ ಅದು ಗೂಡಿನ ಸರಿಯಾದ ಅಳತೆಗೆ ಬರುತ್ತದೆ, ಆಗ ಅಳೆದೆ. ಬೆಳ್ಳಗೆ ಮಿನುಗುವ ಸಣ್ಣ ಬಾಟಲಿ, ಹೆಗಲು ಸ್ಪಷ್ಟ. 32 ಸ್ಪೆಷಲ್.

ಆಗ ಆ ಅಗಲ ಬಾಯಿಯ ಕೇಸುಗಳು ನೆನಪಾದವು. 30-30ರ ಬಾಯಿಯನ್ನೇ ಹಿಗ್ಗಿಸಿ ಮಾಡಿದ ತೋಟಾ ಈ ಸ್ಪೆಷಲ್. ಹಾಗಾಗಿ 30-30 ಇದರೊಳಗೆ ಹೋಗುತ್ತದೆ, ಢಂ ಅನ್ನುತ್ತದೆ, ಕೇಸಿನ ಬಾಯಿ ಅಗಲವಾಗುತ್ತದೆ. ಗುಂಡು ಮಾತ್ರ ಅದನ್ನು ತಿರುಗಿಸುವ ನಳಿಗೆಯೊಳಗಿನ ಗೆರೆ ಹಿಡಿಯದೆ ಎತ್ತೆತ್ತಲೋ ಹೋಗುತ್ತದೆ. ಡಬ್ಬಿಯಲ್ಲಿ ಸ್ಪೆಷಲ್ ಒಂದೂ ಇಲ್ಲ.

ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಜೋರಾಗಿ ನಕ್ಕರು. "ನಮ್ಮವರು ನಲವತ್ತು ವರ್ಷ ಆ ಕೋವಿಗೇ ಬೈದರು, ನೋಡು."

1873ರ ಕೋವಿಯ ಸೀರಿಯಲ್ ನಂಬರನ್ನು ವಯೋಮಿಂಗ್‌ನ ಕೋಡಿ ಮ್ಯೂಸಿಯಂಗೆ ಕಳಿಸುವುದು ಬಾಕಿ. ವಿನ್‌ಚೆಸ್ಟರ್ ಕಾರ್ಖಾನೆಯ ಹಳೇ ಲೆಕ್ಕದ ಪುಸ್ತಕಗಳು ಅಲ್ಲಿವೆ.