ಅಜ್ಜಿ, ಎಲೆ ಹರಿಬ್ಯಾಡ

ಹೋದ ಶನಿವಾರ ನನ್ನ ಮಗ ಆಡಿದ ಒಂದು ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ದೀಪಾವಳಿ ಮುಗಿಸಿಕೊಂಡು ಅತ್ತೆಯವರು ಹುಬ್ಬಳ್ಳಿಯಿಂದ ಶಾರ್ಜಾಕ್ಕೆ ಬಂದಿದ್ದಾರೆ. ಊರಿಂದ ಯಾರೇ ಬಂದರೂ ಡೆಸರ್ಟ್ ಸಫಾರಿಗೆ ಕರೆದುಕೊಂಡು ಹೋಗುವುದು ಇಲ್ಲಿ ರೂಢಿ. ದುಬೈನಿಂದ ಹತ್ತಾ ಅನ್ನುವ ಊರಿಗೆ ಹೋಗುವ ದಾರಿಯಲ್ಲಿ ಲಹಬಾಬ್ ಅಂತ ಇದೆ, ಅಲ್ಲಿನ ಮರಳು ನಮ್ಮ ಕೆಂಪು ಮಣ್ಣಿನ ಬಣ್ಣ. ಡ್ರೈವರ್ ಟೈರಿನ ಗಾಳಿ ಇಳಿಸಿ ದಿಬ್ಬದಿಂದ ದಿಬ್ಬಕ್ಕೆ ಗಾಡಿ ಹತ್ತಿಸಿ ಇಳಿಸುವಾಗ ಅತ್ತೆ ಕಣ್ಣು ಮುಚ್ಚಿ ಸವದತ್ತಿ ಎಲ್ಲಮ್ಮನನ್ನು ನೆನೆಯುತ್ತಿದ್ದರು.

ಸೂರ್ಯ ಮುಳುಗುವ ಹೊತ್ತಿಗೆ ಗಾಡಿ ನಿಂತಿತು. ಎಲ್ಲರೂ ಮೊಬೈಲ್ ಹಿಡಿದು ಆಕಾಶ ನೋಡುತ್ತಿದ್ದರು. ಅತ್ತೆ ಮಾತ್ರ ಆಚೆ ಒಂಟಿಯಾಗಿ ನಿಂತಿದ್ದ ಮರದ ಕಡೆ ನಡೆದರು. ಚಪ್ಪಲಿ ಬಿಟ್ಟು, ಕಾಂಡ ಮುಟ್ಟಿ, ನನ್ನನ್ನು ಕೂಗಿದರು. "ಇದು ಬನ್ನಿ ಗಿಡ ಅಲ್ಲೇನವಾ?"

ಹತ್ತಿರ ಹೋಗಿ ನೋಡಿದೆ. ಸಣ್ಣ ಸಣ್ಣ ಎಲೆ, ಟೊಂಗೆ ತುಂಬ ಮುಳ್ಳು. ಬನ್ನಿಯೇ! ಇಲ್ಲಿಯವರು ಗಾಫ್ ಅನ್ನುತ್ತಾರೆ. ಪಂಜಾಬಿನವರಾದ ಡ್ರೈವರ್, ನಮ್ಮ ಕಡೆ ಇದಕ್ಕೆ ಜಂಡ್ ಅಂತೀವಿ ಅಂದರು.

ಅತ್ತೆ ಕೈ ಮುಗಿದು ಎಲೆಗೆ ಕೈ ಹಾಕಿದರು. ಅಷ್ಟರಲ್ಲಿ ಎರಡನೇ ಕ್ಲಾಸಿನ ನನ್ನ ಮಗ ಓಡಿ ಬಂದು ಅವರ ಕೈ ಹಿಡಿದ. "ಅಜ್ಜಿ, ಎಲೆ ಹರಿಬ್ಯಾಡ. ಇದು ನಮ್ಮ ನ್ಯಾಷನಲ್ ಟ್ರೀ."

ನಮ್ಮ ಅಂದ.

ಅವನ ತಪ್ಪೇನೂ ಇಲ್ಲ. ಯುಎಇ 2008ರಲ್ಲಿ ಗಾಫ್ ಅನ್ನು ರಾಷ್ಟ್ರೀಯ ಮರ ಅಂತ ಘೋಷಿಸಿತು. 2019 ಅನ್ನು ಇಲ್ಲಿ ಸಹಿಷ್ಣುತೆಯ ವರ್ಷ ಅಂತ ಆಚರಿಸಿದಾಗ ಈ ಮರವೇ ಅದರ ಗುರುತಾಗಿತ್ತು. ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಶಾಲೆಯಲ್ಲಿ ಮಕ್ಕಳು ಇದರ ಚಿತ್ರ ಬರೆಯುತ್ತಾರೆ. ಆದರೂ ನನಗೆ ಚುರುಕ್ ಅಂತು. ಹುಟ್ಟಿದ್ದು ಶಾರ್ಜಾದಲ್ಲಾದರೂ ಅವನ ಪಾಸ್‌ಪೋರ್ಟ್ ಭಾರತದ್ದು, ಇಲ್ಲಿರುವುದಕ್ಕೆ ವೀಸಾ ಅಪ್ಪನ ನೌಕರಿಯ ಮೇಲೆ, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು, ನೌಕರಿ ಹೋದರೆ ಗಂಟುಮೂಟೆ ಕಟ್ಟಬೇಕು. ಇದನ್ನೆಲ್ಲ ಏಳು ವರ್ಷದ ಹುಡುಗನಿಗೆ ಹೇಗೆ ಹೇಳುವುದು? ಯಾಕೆ ಹೇಳಬೇಕು?

ಅತ್ತೆ ಸಿಟ್ಟಾಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, "ನಮ್ಮೂರ ಗಿಡಕ್ಕ ಹಿಂಗ ಹೇಳಾವ್ರು ಯಾರೂ ಇರಲಿಲ್ಲ ನೋಡು" ಅಂದರು.

ಅವರು ಹೇಳಿದ್ದು ಊರ ಹೊರಗಿದ್ದ ಬನ್ನಿಯ ಬಗ್ಗೆ. ವಿಜಯದಶಮಿ ಸಂಜೆ ಇಡೀ ಊರು ಅಲ್ಲಿಗೆ ಹೋಗುತ್ತಿತ್ತು. ಪೂಜೆ ಆದ ಮೇಲೆ ಎಲೆ ಹಿಡಿದುಕೊಂಡು ಮನೆ ಮನೆ ತಿರುಗಿ, ದೊಡ್ಡವರ ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುವುದು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಕೈ ಚಾಚುತ್ತಿದ್ದರು. ಮಕ್ಕಳಾದ ನಾವು ಟೊಂಗೆ ಟೊಂಗೆಯನ್ನೇ ಮುರಿಯುತ್ತಿದ್ದೆವು, ರಾತ್ರಿಯಾಗುವಷ್ಟರಲ್ಲಿ ಗಿಡ ಬೋಳು. ಆಮೇಲೆ ರಸ್ತೆ ಅಗಲ ಮಾಡುವಾಗ ಗಿಡವೇ ಹೋಯಿತು. ಯಾರೂ ಅಡ್ಡ ನಿಲ್ಲಲಿಲ್ಲ. ಈಗ ಸಂತೆಯಿಂದ ಟೊಂಗೆ ತಂದು ನೆಲದಲ್ಲಿ ನಿಲ್ಲಿಸಿ ಪೂಜೆ ಮಾಡುತ್ತಾರಂತೆ. ಪಾಂಡವರು ಆಯುಧ ಬಚ್ಚಿಟ್ಟ ಮರ ಅಂತ ಕಥೆ ಹೇಳುವವರು ನಾವೇ ಅಲ್ವಾ?

ಕ್ಯಾಂಪಿನಲ್ಲಿ ಖರ್ಜೂರ, ಏಲಕ್ಕಿ ಹಾಕಿದ ಗಾವಾ ಅನ್ನುವ ಅರಬ್ಬಿ ಕಾಫಿ ಕೊಟ್ಟರು. ಅತ್ತೆ ಕೈಗೆ ಮೆಹಂದಿ ಹಾಕಿಸಿಕೊಂಡರು. ಊಟಕ್ಕೆ ಸಸ್ಯಾಹಾರಿಗಳ ಸಾಲು ಬೇರೆ ಇತ್ತು, ಬೇಳೆ ಚೆನ್ನಾಗಿತ್ತು. ವೇದಿಕೆಯ ಮೇಲೆ ಒಬ್ಬರು ದೀಪ ಹಚ್ಚಿದ ದೊಡ್ಡ ಲಂಗ ತೊಟ್ಟು ಬುಗುರಿ ಹಾಗೆ ತಿರುಗುತ್ತಿದ್ದರು. "ಇದು ಈ ಊರವರ ಕುಣಿತ ಏನು?" ಅಂದರು ಅತ್ತೆ. "ಅಲ್ಲ ಅಜ್ಜಿ, ಇದು ತನೂರಾ, ಈಜಿಪ್ಟಿಂದು. ನಮ್ಮದು ಅಯ್ಯಾಲ," ಅಂದ ಮಗ. ಎದ್ದು ನಿಂತು, ಚಮಚವನ್ನೇ ಕೋಲು ಮಾಡಿಕೊಂಡು, ಎರಡು ಸಾಲಿನ ಗಂಡಸರು ಎದುರುಬದುರು ನಿಂತು ತಲೆ ಆಡಿಸುವುದನ್ನು ಮಾಡಿ ತೋರಿಸಿದ. ಡಿಸೆಂಬರ್ 2ರ ರಾಷ್ಟ್ರೀಯ ದಿನಕ್ಕೆ ಶಾಲೆಯಲ್ಲಿ ಕಲಿಸುತ್ತಿದ್ದಾರೆ. ಅತ್ತೆ ಚಪ್ಪಾಳೆ ತಟ್ಟಿದರು. ಮತ್ತೆ ಅದೇ "ನಮ್ಮದು". ಈ ಸಲ ನನಗೆ ಅಷ್ಟು ಚುಚ್ಚಲಿಲ್ಲ.

ರಾತ್ರಿ ಮನೆಗೆ ಬಂದ ಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿದರು. ಮರದ ಕೆಳಗೆ ಉದುರಿದ್ದ ಒಣ ಎಲೆ, ಜೊತೆಗೆ ಒಂದಿಷ್ಟು ಕೆಂಪು ಮರಳು. "ಇದು ಬಿದ್ದಿದ್ದು, ನಾ ಹರಿದಿಲ್ಲಪಾ," ಅಂತ ಮೊಮ್ಮಗನ ಕೈಗಿಟ್ಟರು. ದಸರಾ ಮುಗಿದು ಎಷ್ಟೋ ದಿನ ಆಗಿತ್ತು. ಅವನು ಬಗ್ಗಿ ಅವರ ಕಾಲು ಮುಟ್ಟಿದ.

ಪ್ರತಿ ವರ್ಷ ದಸರೆಗೆ ನಾನು ಊರಿಗೆ ಫೋನ್ ಮಾಡಿ, ಇಲ್ಲಿ ಬನ್ನಿ ಸಿಗಲ್ಲ ಅಂತ ಅಳುತ್ತಿದ್ದೆ. ನಮ್ಮ ಕಟ್ಟಡದ ಹಿಂದಿನ ಪಾರ್ಕಿನಲ್ಲಿ ಎರಡು ಗಾಫ್ ಮರಗಳಿವೆ. ಹನ್ನೊಂದು ವರ್ಷದಿಂದ ದಿನಾ ಅವುಗಳ ಕೆಳಗೇ ವಾಕಿಂಗ್ ಮಾಡುತ್ತಿದ್ದೇನೆ.